ಅಮೆರಿಕದ ಮಹಾನಗರಗಳು: ಭಯ ಒಂದೆಡೆ, ಅಪಾಯ ಇನ್ನೊಂದೆಡೆ

ನಾಗಮಂಗಲ: 2024ರ ಸೆಪ್ಟೆಂಬರ್ 11ರ ರಾತ್ರಿ ಈ ಪುಟ್ಟ ಪಟ್ಟಣದ ಹೆಸರು ದೇಶದ ಸುದ್ದಿವಾಹಿನಿಗಳಲ್ಲೆಲ್ಲ ಕಾಣಿಸಿಕೊಂಡಿತು. ಬದ್ರಿಕೊಪ್ಪಲಿನ ಗಣೇಶಮೂರ್ತಿಯ ಮೆರವಣಿಗೆಯ ವೇಳೆ ಮೈಸೂರು ರಸ್ತೆಯಲ್ಲಿ ಹುಟ್ಟಿಕೊಂಡ ವಾಗ್ವಾದ ಕಲ್ಲುತೂರಾಟಕ್ಕೆ ತಿರುಗಿತು. ಅಂಗಡಿ ಮುಂಗಟ್ಟುಗಳು, ವಾಹನಗಳು ಬೆಂಕಿಗೆ ಆಹುತಿಯಾದವು. ನಿಷೇಧಾಜ್ಞೆ ಜಾರಿಗೆ ಬಂತು. 50ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಹೊತ್ತಿ ಉರಿಯುವ ಅಂಗಡಿಗಳ ಕೆಲವೇ ನಿಮಿಷಗಳ ದೃಶ್ಯ ದಿನವಿಡೀ ಪರದೆಯ ಮೇಲೆ ಸುತ್ತಿತು. ದೂರದೇಶಗಳಲ್ಲಿ ನೆಲೆಸಿರುವ ಮಕ್ಕಳು ಊರಿಗೆ ಕರೆ ಮಾಡಿ, ಎಲ್ಲರೂ ಕ್ಷೇಮವಾಗಿದ್ದೀರಾ, ಮನೆಯಿಂದ ಹೊರಗೆ ಬರಬೇಡಿ ಎಂದು ಎಚ್ಚರಿಸಿದರು.

ಹೆಚ್ಚುಕಡಿಮೆ ಸರಿಯಾಗಿ ಒಂದು ವರ್ಷದ ಬಳಿಕ ಕರೆಗಳ ದಿಕ್ಕು ಬದಲಾಯಿತು. 2025ರ ಸೆಪ್ಟೆಂಬರ್ 10ರಂದು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಮೋಟೆಲ್ ಒಂದರಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರು ಪತ್ನಿ ಮತ್ತು ಮಗನ ಕಣ್ಣೆದುರಿಗೇ ಸಹೋದ್ಯೋಗಿಯ ಕೈಯಲ್ಲಿ ಭೀಕರವಾಗಿ ಹತರಾದರು. ಕೆಟ್ಟುಹೋದ ಬಟ್ಟೆ ಒಗೆಯುವ ಯಂತ್ರವನ್ನು ಬಳಸಬೇಡ ಎಂದದ್ದೇ ಜಗಳಕ್ಕೆ ಮೂಲವೆಂಬ ವಿವರ ಹೊರಬಿತ್ತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರೇ ಈ ಕುರಿತು ಹೇಳಿಕೆ ನೀಡಿದರು. ಇಲ್ಲಿನ ತಂದೆತಾಯಂದಿರು ಅಲ್ಲಿನ ಮಕ್ಕಳಿಗೆ ಅದೇ ಪ್ರಶ್ನೆಯನ್ನು ಕೇಳಿದರು: ಅಲ್ಲಿ ಕ್ಷೇಮವೇ? ಅಷ್ಟು ದುಡ್ಡು ಸುರಿದು ಆ ಊರಿನಲ್ಲಿ ಇರಲೇಬೇಕೇ?

ಎರಡೂ ಘಟನೆಗಳು ನಿಜ. ಎರಡರ ನೋವೂ ನಿಜ. ಆದರೆ ಒಂದು ರಸ್ತೆಯ ಬೆಂಕಿಯಿಂದ ಇಡೀ ನಾಗಮಂಗಲವನ್ನು ಅಳೆಯಲಾಗದು ಎಂಬುದನ್ನು ಬಲ್ಲ ನಾವು, ಒಂದು ಮೋಟೆಲ್‌ನ ರಕ್ತದಿಂದ ಇಡೀ ಅಮೆರಿಕವನ್ನು ಅಳೆಯಲು ಮಾತ್ರ ಹಿಂಜರಿಯುವುದಿಲ್ಲ. ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಲ್ಲಿ ಆರಂಭವಾಯಿತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ಈಗ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಿವೆ. ರೈತ ಕುಟುಂಬದ ಮಗನೋ ಮಗಳೋ ಸಾಗರದಾಚೆಗೆ ಹೊರಟು ನಿಲ್ಲುವುದು ಈ ಸೀಮೆಗೆ ಹೊಸತೇನಲ್ಲ. ಆದ್ದರಿಂದ ಅಲ್ಲಿನ ದೊಡ್ಡ, ದುಬಾರಿ ನಗರಗಳು ನಿಜಕ್ಕೂ ಎಷ್ಟು ಸುರಕ್ಷಿತ, ಎಷ್ಟರಮಟ್ಟಿಗೆ ಬಾಳಲು ಯೋಗ್ಯ ಎಂಬುದನ್ನು ಪರದೆಯ ಆಚೆಗೆ ನಿಂತು ನೋಡುವ ಅಗತ್ಯವಿದೆ.

ಕೊಲೆಯ ಲೆಕ್ಕ ಹೇಳುವುದೇನು?

ನಗರದ ಸುರಕ್ಷತೆಯನ್ನು ಅಳೆಯಲು ತಜ್ಞರು ಸಾಮಾನ್ಯವಾಗಿ ಕೊಲೆಗಳ ಸಂಖ್ಯೆಯನ್ನು ಹಿಡಿಯುತ್ತಾರೆ. ಕಳ್ಳತನವಾದರೆ ದೂರು ಕೊಡದವರು ಅನೇಕ. ಹಲ್ಲೆಯಾದರೂ ಮೌನವಾಗಿರುವವರು ಉಂಟು. ಕೊಲೆಯನ್ನು ಮುಚ್ಚಿಡುವುದು ಕಷ್ಟ. ಆ ಅಳತೆಗೋಲಿನಿಂದ ನೋಡಿದರೆ ದೊರೆಯುವ ಚಿತ್ರ ನಮ್ಮ ಕಲ್ಪನೆಗೆ ತಿರುಗುಮುರುಗಾಗಿದೆ.

ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು. 2017 ಮತ್ತು 2018ರಲ್ಲಿ ಈ ಸಂಖ್ಯೆ 300ರ ಒಳಗೆ ಇಳಿದಿತ್ತು. ಕೋವಿಡ್ ಪಿಡುಗಿನ 2020ರಲ್ಲಿ ಅಮೆರಿಕದಾದ್ಯಂತ ಕೊಲೆಗಳು ಒಂದೇ ವರ್ಷದಲ್ಲಿ ಶೇ 30ರಷ್ಟು ಏರಿದವು. ನ್ಯೂಯಾರ್ಕ್ ಕೂಡ ಅದರಿಂದ ಪಾರಾಗಲಿಲ್ಲ; 2021ರಲ್ಲಿ ಅಲ್ಲಿ 480ಕ್ಕೂ ಹೆಚ್ಚು ಮಂದಿ ಹತರಾದರು. ಅನಂತರ ಇಳಿಮುಖ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ವರದಿಯ ಪ್ರಕಾರ 2024ರಲ್ಲಿ ರಾಷ್ಟ್ರಮಟ್ಟದಲ್ಲಿ ಕೊಲೆಗಳು ಶೇ 14.9ರಷ್ಟು ಕುಸಿದವು. ಆ ವರ್ಷ ನ್ಯೂಯಾರ್ಕ್‌ನಲ್ಲಿ ಸುಮಾರು 380 ಕೊಲೆಗಳಾದವು. 84 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಗೆ ಭಾಗಿಸಿದರೆ ಲಕ್ಷಕ್ಕೆ ನಾಲ್ಕೂವರೆ. ಇಡೀ ಅಮೆರಿಕದ ಸರಾಸರಿ ಲಕ್ಷಕ್ಕೆ ಐದು. ಅಂದರೆ ಸಿನಿಮಾಗಳು ಪಾತಕಲೋಕವೆಂದು ಚಿತ್ರಿಸಿದ ನ್ಯೂಯಾರ್ಕ್ ತನ್ನ ದೇಶದ ಸರಾಸರಿಗಿಂತ ಕಡಿಮೆ ಅಪಾಯಕಾರಿ.

ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದು ಉದಾಹರಣೆ. ಎಂಟು ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರದಲ್ಲಿ 2024ರಲ್ಲಿ 35 ಕೊಲೆಗಳಾದವು. 1961ರಿಂದೀಚೆಗೆ ಅಷ್ಟು ಕಡಿಮೆ ಸಂಖ್ಯೆ ದಾಖಲಾಗಿರಲಿಲ್ಲ. ಇದಕ್ಕೆ ಎದುರಾಗಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರವನ್ನು ನೋಡಬಹುದು. ಅಲ್ಲಿನ ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. 2024ರ ಕೊಲೆಗಳು ಸುಮಾರು 150. ಲಕ್ಷಕ್ಕೆ ಐವತ್ತಕ್ಕೂ ಮಿಗಿಲು. ಸ್ಯಾನ್ ಫ್ರಾನ್ಸಿಸ್ಕೊದ ಮನೆಯ ಬೆಲೆಯ ಸಣ್ಣ ಪಾಲಿಗೆ ಅಲ್ಲಿ ಮನೆ ಸಿಗುತ್ತದೆ. ಷಿಕಾಗೊ ಇವೆರಡರ ನಡುವಿನದು. 2024ರಲ್ಲಿ ಅಲ್ಲಿ 570ಕ್ಕೂ ಹೆಚ್ಚು ಕೊಲೆಗಳು ನಡೆದವು. ಅವುಗಳಲ್ಲಿ ಬಹುಪಾಲು ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗದ ಬಡಾವಣೆಗಳಿಗೆ ಸೀಮಿತ. ಉತ್ತರ ಭಾಗದ ಸರೋವರದ ದಂಡೆಯ ನಿವಾಸಿಗೂ ಪಶ್ಚಿಮದ ಗಾರ್‌ಫೀಲ್ಡ್ ಪಾರ್ಕಿನ ನಿವಾಸಿಗೂ ಊರಿನ ಹೆಸರು ಒಂದೇ, ಬದುಕು ಒಂದೇ ಅಲ್ಲ.

ಹಾಗೆಂದು ಅಮೆರಿಕವನ್ನು ಸುರಕ್ಷತೆಯ ಸ್ವರ್ಗವೆಂದು ಹೊಗಳುವಂತೆಯೂ ಇಲ್ಲ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಭಾರತದ ಕೊಲೆ ಪ್ರಮಾಣ ಲಕ್ಷಕ್ಕೆ 2.1. ಅಮೆರಿಕದ ಅತಿ ಶಾಂತ ಮಹಾನಗರಗಳೂ ಇದನ್ನು ಮೀರುತ್ತವೆ. ಕಾರಣ ಕೈಗೆಟಕುವ ಬಂದೂಕು. 2023ರಲ್ಲಿ ಅಲ್ಲಿ ಬಂದೂಕಿಗೆ ಬಲಿಯಾದವರು 46,000ಕ್ಕೂ ಹೆಚ್ಚು. ಗಮನಿಸಬೇಕಾದ ಅಂಶವೆಂದರೆ, ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಂಡು ಹಾರಿಸಿಕೊಂಡು ಆತ್ಮಹತ್ಯೆ ಮಾಡಿಕೊಂಡವರು.

ಈ ಅಂಕಿಅಂಶಗಳಿಗೂ ರಾಜಕೀಯಕ್ಕೂ ಹೊಂದಾಣಿಕೆ ಅಷ್ಟಕ್ಕಷ್ಟೆ. 2024ರಲ್ಲಿ ರಾಜಧಾನಿ ವಾಷಿಂಗ್ಟನ್‌ನ ಹಿಂಸಾಪರಾಧಗಳು 30 ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿವೆ ಎಂದು ಅಲ್ಲಿನ ನ್ಯಾಯಾಂಗ ಇಲಾಖೆಯೇ 2025ರ ಜನವರಿಯಲ್ಲಿ ಪ್ರಕಟಿಸಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಪರಾಧ ನಿಯಂತ್ರಣದ ಹೆಸರಿನಲ್ಲಿ ಅಧ್ಯಕ್ಷ ಟ್ರಂಪ್ ಆ ನಗರದ ಬೀದಿಗಳಿಗೆ ನ್ಯಾಷನಲ್ ಗಾರ್ಡ್ ಪಡೆಗಳನ್ನು ಇಳಿಸಿದರು. ಸಮವಸ್ತ್ರದ ಆ ದೃಶ್ಯಗಳು ನಮ್ಮ ಮನೆಗಳನ್ನೂ ತಲುಪಿದವು. ಇಲಾಖೆಯ ಅಂಕಿಗಳು ತಲುಪಲಿಲ್ಲ.

ನಾವು ಲೆಕ್ಕಕ್ಕಿಡದ ಸಾವು

ಅಪಾಯವೆಂದರೆ ಕಳ್ಳಕಾಕರು, ಕೊಲೆಗಡುಕರು ಎಂದಷ್ಟೇ ಭಾವಿಸುವುದು ಇನ್ನೊಂದು ತಪ್ಪು. ಅಮೆರಿಕದಲ್ಲಿ 2023ರಲ್ಲಿ ರಸ್ತೆ ಅಪಘಾತಗಳಿಗೆ 40,900ಕ್ಕೂ ಹೆಚ್ಚು ಮಂದಿ ಬಲಿಯಾದರು. ಅದೇ ವರ್ಷ ಭಾರತದಲ್ಲಿ ಸತ್ತವರು 1.72 ಲಕ್ಷಕ್ಕೂ ಅಧಿಕ. ಜನಸಂಖ್ಯೆಗೆ ಹೋಲಿಸಿದರೆ ಎರಡೂ ದೇಶಗಳಲ್ಲಿ ಲಕ್ಷಕ್ಕೆ ಸುಮಾರು ಹನ್ನೆರಡು. ಅಗಲವಾದ ರಸ್ತೆ, ಶಿಸ್ತಿನ ಸಂಚಾರ, ಗಟ್ಟಿಮುಟ್ಟಾದ ಕಾರುಗಳ ದೇಶವೆಂದು ನಾವು ಮೆಚ್ಚುವ ನಾಡಿನ ಸ್ಥಿತಿಯಿದು. ಅಲ್ಲಿನ ಜನ ಕಾರಿಲ್ಲದೆ ಹಾಲು ತರಲೂ ಹೋಗಲಾರರು. ಹೆಚ್ಚು ದೂರ, ಹೆಚ್ಚು ವೇಗ. ಆದ್ದರಿಂದ ಹೆಚ್ಚು ಸಾವು.

ಇಲ್ಲಿಯೂ ದೊಡ್ಡ ನಗರದ್ದೇ ಮೇಲುಗೈ. ಭೂಗತ ರೈಲು, ಬಸ್ಸು ಮತ್ತು ಕಾಲ್ನಡಿಗೆಯನ್ನು ನೆಚ್ಚಿಕೊಂಡ ನ್ಯೂಯಾರ್ಕ್‌ನಲ್ಲಿ 2024ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 250 ಮಂದಿ, ಲಕ್ಷಕ್ಕೆ ಮೂವರು. ಕೊಲೆ ಮತ್ತು ರಸ್ತೆ ಸಾವುಗಳನ್ನು ಕೂಡಿಸಿದರೂ ನ್ಯೂಯಾರ್ಕಿನ ಲೆಕ್ಕ ಲಕ್ಷಕ್ಕೆ ಏಳೆಂಟು. ದೇಶದ ಸರಾಸರಿ ಹದಿನೇಳರ ಆಸುಪಾಸು. ಮಗ ಊರಾಚೆಯ ಶಾಂತ ಬಡಾವಣೆಗೆ ಮನೆ ಬದಲಿಸಿದನೆಂದು ನಿಟ್ಟುಸಿರು ಬಿಡುವ ತಂದೆ, ಆತ ದಿನಕ್ಕೆ ಎರಡು ಗಂಟೆ ಹೆದ್ದಾರಿಯಲ್ಲಿ ಕಾರು ಓಡಿಸುತ್ತಾನೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಪಾಠಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. 2023ರ ಮಾರ್ಚ್ 12ರಂದು ಪ್ರಧಾನಿಯವರು ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆರಂಭದ ತಿಂಗಳುಗಳಲ್ಲಿ ಸಾವುಗಳ ಸರಣಿಯೇ ನಡೆಯಿತು. ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಡಬೇಕಾಯಿತು. ಮಂಡ್ಯ ಜಿಲ್ಲೆಯ ಕುಟುಂಬಗಳು ಅತಿ ಹೆಚ್ಚು ಕಣ್ಣೀರು ಸುರಿಸಿರುವುದು ಗಲಭೆಗಳಿಗಲ್ಲ, ರಸ್ತೆ ಮತ್ತು ನಾಲೆಗಳಿಗೆ. ಆದರೂ ವಿದೇಶದಿಂದ ಕರೆ ಬಂದದ್ದು ಗಲಭೆಯ ರಾತ್ರಿ.

ಪರದೆಯ ಮೇಲಿನ ಸ್ಯಾನ್ ಫ್ರಾನ್ಸಿಸ್ಕೊ

ಹಾಗಿದ್ದರೆ ರಸ್ತೆಬದಿಯ ಡೇರೆಗಳು, ಅಮಲಿನಲ್ಲಿ ಬಾಗಿ ನಿಂತ ಮನುಷ್ಯರು, ಒಡೆದ ಕಾರಿನ ಗಾಜು ಸುಳ್ಳೇ? ಖಂಡಿತ ಅಲ್ಲ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 31,000ಕ್ಕೂ ಹೆಚ್ಚು ಕಾರುಗಳ ಗಾಜು ಒಡೆದು ಕಳವು ಮಾಡಿದ ಪ್ರಕರಣಗಳು ದಾಖಲಾಗಿದ್ದವು. ಈಚಿನ ವರ್ಷಗಳಲ್ಲಿ ಅವು ಗಣನೀಯವಾಗಿ ಇಳಿದಿವೆ. 2022ರಲ್ಲಿ ಪಕ್ಕದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಸೀರೆಯುಟ್ಟ ಹಿಂದೂ ಮಹಿಳೆಯರನ್ನೇ ಗುರಿಯಾಗಿಸಿ ಕತ್ತಿನ ಸರ ಕಿತ್ತ ಆರೋಪದಲ್ಲಿ ಒಬ್ಬನ ಮೇಲೆ ದ್ವೇಷಾಪರಾಧದ ಮೊಕದ್ದಮೆ ಹೂಡಲಾಯಿತು. ತೊಂದರೆಗೆ ಒಳಗಾದವರು 14 ಮಂದಿ. ನಮ್ಮ ಊರುಗಳಲ್ಲಿ ಬೈಕಿನಲ್ಲಿ ಬಂದು ಸರ ಕಿತ್ತು ಪರಾರಿಯಾಗುವವರ ಕಥೆಗೂ ಇದಕ್ಕೂ ದೊಡ್ಡ ಅಂತರವಿಲ್ಲ.

ಆದರೆ ಆ ನಗರದ ನಿಜವಾದ ದುರಂತ ಬೇರೆಯದೇ ಆಗಿದೆ. 2023ರಲ್ಲಿ ಅಲ್ಲಿ ಕೊಲೆಯಾದವರು ಐವತ್ತರ ಆಸುಪಾಸು. ಫೆಂಟನಿಲ್ ಮುಂತಾದ ಮಾದಕದ್ರವ್ಯಗಳ ಅತಿಸೇವನೆಯಿಂದ ಸತ್ತವರು 810. ಡೇರೆಯ ಮುಂದೆ ನಡೆದುಹೋಗುವವರಿಗೆ ಭಯವಾಗುತ್ತದೆ. ಸಾಯುವವರು ಮಾತ್ರ ಡೇರೆಯ ಒಳಗಿರುವವರು.

ಬಾಡಿಗೆಯೇ ಬರೆ

ಡೇರೆಗಳು ಏಕೆ ಬಂದವು? 2024ರ ಜನವರಿಯ ಗಣತಿಯಂತೆ ಅಮೆರಿಕದಲ್ಲಿ ಸೂರಿಲ್ಲದವರು 7,71,480 ಮಂದಿ. ಹಿಂದಿನ ವರ್ಷಕ್ಕಿಂತ ಶೇ 18ರಷ್ಟು ಹೆಚ್ಚು. ಅಮಲು ಪದಾರ್ಥ, ಮನೋರೋಗ, ಬಡತನಗಳೇ ಇದಕ್ಕೆ ಕಾರಣವೆಂಬುದು ಸಾಮಾನ್ಯ ನಂಬಿಕೆ. ಆದರೆ ಗ್ರೆಗ್ ಕೋಲ್‌ಬರ್ನ್ ಮತ್ತು ಕ್ಲೇಟನ್ ಪೇಜ್ ಆಲ್ಡರ್ನ್ 2022ರಲ್ಲಿ ಪ್ರಕಟಿಸಿದ ಗ್ರಂಥ ಬೇರೆಯದೇ ಉತ್ತರ ನೀಡುತ್ತದೆ. ಬಡತನ ಹೆಚ್ಚಿರುವ ಡೆಟ್ರಾಯಿಟ್‌ನಂಥ ಕಡೆ ಸೂರಿಲ್ಲದವರ ಪ್ರಮಾಣ ಕಡಿಮೆ. ಸಂಬಳ ಹೆಚ್ಚಿರುವ, ಬಾಡಿಗೆ ಗಗನಕ್ಕೇರಿದ ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್‌ಗಳಲ್ಲಿ ಹೆಚ್ಚು. ಬಾಡಿಗೆ ಏರಿದಂತೆ ಬೀದಿಗೆ ಬೀಳುವವರೂ ಏರುತ್ತಾರೆ.

ಬಾಡಿಗೆ ಏರಲು ಕಾರಣ ಮನೆಗಳ ಅಭಾವ. ಅಭಾವಕ್ಕೆ ಕಾರಣ ಬಹುಮಟ್ಟಿಗೆ ಕಾನೂನು. ಸಿಲಿಕಾನ್ ಕಣಿವೆಯ ಸ್ಯಾನ್ ಹೊಸೆಯಲ್ಲಿ ವಸತಿಗೆ ಮೀಸಲಾದ ಭೂಮಿಯ ಶೇ 90ಕ್ಕೂ ಹೆಚ್ಚು ಭಾಗ ದಶಕಗಳ ಕಾಲ ಒಂಟಿ ಮನೆಗಳಿಗಷ್ಟೇ ಮೀಸಲಾಗಿತ್ತು. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟುವಂತಿರಲಿಲ್ಲ. ಕ್ಯಾಲಿಫೋರ್ನಿಯಾ ಸರ್ಕಾರ 2021ರಲ್ಲಿ ಈ ನಿರ್ಬಂಧವನ್ನು ಸಡಿಲಿಸುವ ಕಾನೂನು ತಂದಿತು. ಆದರೆ ಬೆಲೆಗಳು ನೆಲಕ್ಕಿಳಿಯಲಿಲ್ಲ. ಕಣಿವೆಯ ಉತ್ತಮ ಶಾಲೆಗಳಿರುವ ಊರುಗಳಲ್ಲಿ ಸಾಧಾರಣ ಮನೆಯೊಂದರ ಬೆಲೆ ಹತ್ತು ಲಕ್ಷ ಡಾಲರ್‌ಗಳನ್ನು ಎಂದೋ ದಾಟಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವರ್ಷಕ್ಕೆ 1,17,400 ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 80 ಲಕ್ಷ ರೂಪಾಯಿ ಗಳಿಸುವ ನಾಲ್ವರ ಕುಟುಂಬವನ್ನು ಅಲ್ಲಿನ ವಸತಿ ಇಲಾಖೆ 2018ರಲ್ಲೇ ಕಡಿಮೆ ಆದಾಯದ ಪಟ್ಟಿಗೆ ಸೇರಿಸಿತ್ತು. ಊರಿನಲ್ಲಿ ಕೋಟ್ಯಧಿಪತಿಯೆನಿಸಿಕೊಂಡವನು ಅಲ್ಲಿ ತಿಂಗಳ ಕೊನೆಯಲ್ಲಿ ಕೈ ಎಣಿಸುವ ಸ್ಥಿತಿಯಿದು.

ಮೋಟೆಲ್‌ನ ರಾತ್ರಿ ಪಾಳಿ

ದುಬಾರಿತನ ಮತ್ತು ಅಪಾಯದ ನಿಜವಾದ ನಂಟು ಇಲ್ಲಿಂದ ತೆರೆದುಕೊಳ್ಳುತ್ತದೆ. 2019ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೈಸೂರಿನ ವಿದ್ಯಾರ್ಥಿಯೊಬ್ಬರು ಗುಂಡಿಗೆ ಬಲಿಯಾದರು. ಅವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದರು. ಗುಂಡೇಟು ಬಿದ್ದದ್ದು ಅವರು ಅರೆಕಾಲಿಕವಾಗಿ ದುಡಿಯುತ್ತಿದ್ದ ಮೋಟೆಲ್‌ನಲ್ಲಿ. 2025ರ ಡಲ್ಲಾಸ್ ಘಟನೆಯೂ ಮೋಟೆಲ್‌ನದೇ.

ಎರಡು ಪ್ರಕರಣಗಳಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ಇವು ತೋರುವ ದಿಕ್ಕನ್ನು ಅಲಕ್ಷಿಸುವಂತಿಲ್ಲ. ಇಬ್ಬರೂ ಸಾವನ್ನಪ್ಪಿದ್ದು ಮ್ಯಾನ್‌ಹಟನ್‌ನ ನಡುಬೀದಿಯಲ್ಲಲ್ಲ, ಸ್ಯಾನ್ ಫ್ರಾನ್ಸಿಸ್ಕೊದ ಡೇರೆಗಳ ನಡುವೆಯೂ ಅಲ್ಲ, ದುಡಿಯುವ ಜಾಗದಲ್ಲಿ. ಅಗ್ಗದ ಮೋಟೆಲ್ ಎಂದರೆ ಬಾಡಿಗೆ ಮನೆ ಸಿಗದವರು ವಾರದ ಲೆಕ್ಕದಲ್ಲಿ ತಂಗುವ ಕೊನೆಯ ತಾಣ. ಅದರ ಕೌಂಟರಿನ ಹಿಂದೆ ನಿಲ್ಲುವವನು ಅಮಲಿನಲ್ಲಿರುವವರಿಗೂ ಹತಾಶರಿಗೂ ರಾತ್ರಿಯಿಡೀ ಬಾಗಿಲು ತೆರೆಯಬೇಕು. ಅಮೆರಿಕದ ಹೋಟೆಲ್, ಮೋಟೆಲ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಭಾರತೀಯ ಮೂಲದವರ ಒಡೆತನದಲ್ಲಿವೆ. ಅಲ್ಲಿ ಭಾಷೆ, ಪರಿಚಯಗಳ ಆಸರೆಯಲ್ಲಿ ಕೆಲಸ ಬೇಗ ಸಿಗುತ್ತದೆ. ಸಾಲ ಮಾಡಿ ಓದಲು ಹೋದವನಿಗೆ ಆ ಸಂಬಳ ಬೇಕು.

ಸ್ಯಾನ್ ಬರ್ನಾರ್ಡಿನೊ ಲಾಸ್ ಏಂಜಲೀಸ್‌ಗೆ ಸುಮಾರು 100 ಕಿ.ಮೀ. ದೂರ. ಲಾಸ್ ಏಂಜಲೀಸ್‌ನ ಬಾಡಿಗೆ ತೆರಲಾಗದವರು ಒಳನಾಡಿನ ಆ ಊರುಗಳಿಗೆ ಸರಿಯುತ್ತಾರೆ. ಕೊಲೆಯ ಪ್ರಮಾಣ ಅಲ್ಲಿ ಮಹಾನಗರಕ್ಕಿಂತ ಹೆಚ್ಚು. ದುಬಾರಿ ನಗರ ತನ್ನ ಅಪಾಯವನ್ನು ನಾಶ ಮಾಡಿಲ್ಲ. ಬಾಡಿಗೆ ಕೊಡಲಾಗದವರ ಜೊತೆಗೆ ಅದನ್ನೂ ಊರಾಚೆಗೆ ಸಾಗಹಾಕಿದೆ. ಸುರಕ್ಷತೆ ಅಲ್ಲಿ ಮನೆಬಾಡಿಗೆಯ ಜೊತೆಗೇ ಖರೀದಿಸಬೇಕಾದ ಸರಕು.

ಬಾಣಂತನಕ್ಕೆ ಹೋದವರ ಆರು ತಿಂಗಳು

ಸುರಕ್ಷಿತವಾದುದೆಲ್ಲವೂ ಬಾಳಲು ಯೋಗ್ಯವೇ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ಬಲ್ಲವರು ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬಂದ ತಂದೆತಾಯಂದಿರು. ಸ್ವಚ್ಛವಾದ ಬಡಾವಣೆ, ಬೀಗ ಹಾಕದಿದ್ದರೂ ಭಯವಿಲ್ಲದ ಮನೆ. ಆದರೆ ಬೆಳಗ್ಗೆ ಮಗಳು, ಅಳಿಯ ಕಾರಿನಲ್ಲಿ ಹೊರಟರೆ ಸಂಜೆಯವರೆಗೆ ಮಾತಾಡುವ ಜನರಿಲ್ಲ. ಬಸ್ಸಿಲ್ಲ, ನಡೆದು ತಲುಪುವ ಅಂಗಡಿಯಿಲ್ಲ, ಜಗುಲಿಯಿಲ್ಲ. ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ನಂಥ ಗಿಜಿಗುಡುವ ಬೀದಿಯಲ್ಲಿ ಇರುವವರಿಗೆ ಗದ್ದಲವಿದ್ದರೂ ನಡೆದು ಹೋಗಿ ಸೊಪ್ಪು ತರುವ ಸ್ವಾತಂತ್ರ್ಯವಿದೆ. ಕಾಯಿಲೆ ಬಿದ್ದರೆ ಮಾತ್ರ ಎರಡೂ ಕಡೆ ಒಂದೇ ಪಾಡು. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹಣ ಕಟ್ಟಿ ಸೇರಲು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಅಲ್ಲೇ ನೆಲೆಸಿರಬೇಕು.

ಜಗತ್ತಿನ ನಗರಗಳ ವಾಸಯೋಗ್ಯತೆಯನ್ನು ಪ್ರತಿವರ್ಷ ಅಳೆಯುವ ಎಕನಾಮಿಸ್ಟ್ ಬಳಗದ 2025ರ ಪಟ್ಟಿಯಲ್ಲಿ ಕೋಪನ್‌ಹೇಗನ್ ಮೊದಲ ಸ್ಥಾನದಲ್ಲಿತ್ತು. ಮೊದಲ ಹತ್ತರಲ್ಲಿ ಅಮೆರಿಕದ ಒಂದು ನಗರವೂ ಇರಲಿಲ್ಲ. ಸಂಬಳದಲ್ಲಿ ಮುಂದಿರುವ ನಗರಗಳು ಬಾಳ್ವೆಯಲ್ಲಿ ಮುಂದಿರಬೇಕೆಂಬ ನಿಯಮವೇನೂ ಇಲ್ಲ.

ಅಲ್ಲಿನ ಕನ್ನಡಿಗರು ಈ ಕೊರತೆಯನ್ನು ತಮ್ಮದೇ ರೀತಿಯಲ್ಲಿ ತುಂಬಿಕೊಂಡಿದ್ದಾರೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಷ್ಟು ಹಿಂದಿನದು. ಅಮೆರಿಕ ಕನ್ನಡ ಕೂಟಗಳ ಆಗರ ‘ಅಕ್ಕ’ 2008ರಲ್ಲಿ ಷಿಕಾಗೊ, 2014ರಲ್ಲಿ ಸ್ಯಾನ್ ಹೊಸೆ, 2018ರಲ್ಲಿ ಡಲ್ಲಾಸ್‌ಗಳಲ್ಲಿ ವಿಶ್ವ ಕನ್ನಡ ಸಮ್ಮೇಳನಗಳನ್ನು ನಡೆಸಿತು. ಯುಗಾದಿ, ರಾಜ್ಯೋತ್ಸವಗಳ ನೆಪದಲ್ಲಿ ಸೇರುವ ಈ ಕೂಟಗಳೇ ಆಪತ್ತಿನಲ್ಲಿ ಆಸ್ಪತ್ರೆಗೆ ಓಡುವ, ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸಲು ಹಣ ಕೂಡಿಸುವ ನೆರೆಹೊರೆಯಾಗಿವೆ.

ವೀಸಾ ಎಂಬ ತೂಗುಗತ್ತಿ

ಸಾಮಾನ್ಯ ಕನ್ನಡಿಗ ಎಂಜಿನಿಯರ್‌ನನ್ನು ನಿದ್ದೆಗೆಡಿಸುವುದು ಬಂದೂಕಿಗಿಂತ ಹೆಚ್ಚಾಗಿ ವೀಸಾ. ಎಚ್-1ಬಿ ವೀಸಾದಲ್ಲಿರುವವನು ಕೆಲಸ ಕಳೆದುಕೊಂಡರೆ ಹೆಚ್ಚೆಂದರೆ 60 ದಿನಗಳಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ತಂತ್ರಜ್ಞಾನ ಕಂಪನಿಗಳು 2022–23ರಲ್ಲಿ ಸಾಲುಸಾಲಾಗಿ ನೌಕರರನ್ನು ಮನೆಗೆ ಕಳುಹಿಸಿದಾಗ ಸಾಲದ ಮನೆ, ಶಾಲೆಗೆ ಹೋಗುವ ಮಕ್ಕಳಿರುವ ಸಾವಿರಾರು ಭಾರತೀಯ ಕುಟುಂಬಗಳು ಈ 60 ದಿನಗಳನ್ನು ಎಣಿಸಿದವು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಟ್ರಂಪ್ ಸರ್ಕಾರ ಘೋಷಿಸಿದ ಮೇಲೆ ಆತಂಕ ಇನ್ನಷ್ಟು ಬೆಳೆಯಿತು. ನಾಳೆ ಇರುತ್ತೇವೋ ಇಲ್ಲವೋ ಎಂಬುದೇ ತಿಳಿಯದ ಊರು ಎಷ್ಟೇ ಸುರಕ್ಷಿತವಾಗಿದ್ದರೂ ಅದನ್ನು ನೆಲೆಯೆನ್ನುವುದು ಕಷ್ಟ.

ಕೇಳಬೇಕಾದ ಪ್ರಶ್ನೆ

ಒಟ್ಟಾರೆ ಹೇಳುವುದಾದರೆ, ಅಮೆರಿಕದ ದೊಡ್ಡ, ದುಬಾರಿ ನಗರಗಳು ನಾವು ಹೆದರುವಷ್ಟು ಅಪಾಯಕಾರಿಯೂ ಅಲ್ಲ, ಕನಸು ಕಾಣುವಷ್ಟು ಸುಖಕರವೂ ಅಲ್ಲ. ಹಣವಿದ್ದವರಿಗೆ ಅವು ತಮ್ಮ ದೇಶದ ಅನೇಕ ಅಗ್ಗದ ಊರುಗಳಿಗಿಂತ ಸುರಕ್ಷಿತ. ಹಣ ಸಾಲದವರನ್ನು ಅವು ದೂರದ ಬಡಾವಣೆಗೆ, ಉದ್ದದ ಹೆದ್ದಾರಿಗೆ, ಮೋಟೆಲ್‌ನ ರಾತ್ರಿ ಪಾಳಿಗೆ ತಳ್ಳುತ್ತವೆ.

ಆದ್ದರಿಂದ ಮಗಳನ್ನೋ ಮಗನನ್ನೋ ಕಳುಹಿಸಲು ಹೊರಟ ಕುಟುಂಬ ಯಾವ ನಗರ ಎಂದಷ್ಟೇ ಕೇಳಿದರೆ ಸಾಲದು. ಯಾವ ಬಡಾವಣೆ, ಕಾಲೇಜಿಗೆ ಅಥವಾ ಕಚೇರಿಗೆ ಹೋಗುವುದು ಹೇಗೆ, ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು, ಖರ್ಚಿಗೆಂದು ರಾತ್ರಿ ಪಾಳಿಯ ಕೆಲಸ ಹಿಡಿಯಬೇಕಾದೀತೇ, ಕೆಲಸ ಹೋದರೆ ಎಷ್ಟು ತಿಂಗಳು ತಾಳಬಹುದು, ಹತ್ತಿರದಲ್ಲಿ ಕರೆದರೆ ಬರುವವರು ಯಾರಿದ್ದಾರೆ ಎಂದೂ ಕೇಳಬೇಕು. ಏಜೆಂಟರ ಬಣ್ಣದ ಪುಸ್ತಿಕೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಅಲ್ಲಿ ಈಗಾಗಲೇ ಇರುವ ಊರಿನವರಲ್ಲಿ ಇರುತ್ತದೆ.

ಇವೇ ಪ್ರಶ್ನೆಗಳನ್ನು ನಮ್ಮ ಊರಿಗೂ ಕೇಳಿಕೊಳ್ಳಬೇಕಿದೆ. 2024ರ ಆ ರಾತ್ರಿಯ ಬೆಂಕಿಯನ್ನು ಜಗತ್ತೇ ನೋಡಿತು. ತಡೆಗೋಡೆಯಿಲ್ಲದ ನಾಲೆಯ ಏರಿಯ ಮೇಲೆ ದಿನವೂ ಸಾಗುವ ಬಸ್ಸನ್ನು ಯಾವ ವಾಹಿನಿಯೂ ತೋರಿಸುವುದಿಲ್ಲ. ಅದನ್ನು ನೋಡಬೇಕಾದವರು ನಾವೇ.